ಕರ್ನಾಟಕದಲ್ಲಿ ‘ದಯಾಮರಣ’ಕ್ಕೆ ಒಪ್ಪಿಗೆ ಸಿಕ್ಕಿದೆಯೇ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

“ಕರ್ನಾಟಕ ಸರ್ಕಾರದಿಂದ ದಯಾಮರಣಕ್ಕೆ ಒಪ್ಪಿಗೆ. ವಾಸಿಯಾಗದ ರೋಗಿಗಳು ಅರ್ಜಿ ಹಾಕಿದರೆ ಇಂಜೆಕ್ಷನ್ ಕೊಡುತ್ತಾರೆ.” ಇಂಥದ್ದೊಂದು ವಾಟ್ಸಾಪ್ ಸಂದೇಶವನ್ನು ಬೀಳಗಿ ತಾಲ್ಲೂಕಿನ ಗಲಗಲಿಯ ಓದುಗರೊಬ್ಬರು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದರು.

ಫೋನಿನಲ್ಲಿ ಮಾತನಾಡಿದಾಗ ಪ್ರಶ್ನೆಯ ಹಿಂದಿನ ಕಾರಣ ತಿಳಿಯಿತು. ಪಾರ್ಶ್ವವಾಯು ಹೊಡೆದ ಅವರ ತಂದೆ ಆಸ್ಪತ್ರೆಯೊಂದರ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಹನ್ನೊಂದನೇ ದಿನ ವೈದ್ಯರು, ಸುಧಾರಿಸುವ ಲಕ್ಷಣ ಕಾಣುತ್ತಿಲ್ಲ, ಮುಂದೇನು ಮಾಡೋಣ ನೀವೇ ಹೇಳಿ ಎಂದರು. ಅಣ್ಣ ಚಿಕಿತ್ಸೆ ನಡೆಯಲಿ ಎಂದರೆ, ತಾಯಿ ಊರಿಗೆ ಒಯ್ಯೋಣ ಎಂದರು. ಮನೆಯವರು ಒಂದು ಮಾತಿಗೆ ಬರುವ ಮೊದಲೇ ತಂದೆ ತೀರಿಕೊಂಡರು. ಆದರೂ ಅವರನ್ನು ಒಂದು ಪ್ರಶ್ನೆ ಬಿಟ್ಟಿಲ್ಲ: “ಮಷಿನ್ ತಗೀರಿ ಅಂತ ನಾವ ಹೇಳಿದ್ರ ಅಪ್ಪನ್ನ ಕೊಂದಂಗ ಆಗತಿತ್ತೇನ್ರಿ?”

ಹೀಗಾಗಿ ಫಾರ್ವರ್ಡ್ ಸುಳ್ಳು ಎಂದಷ್ಟೇ ಹೇಳಿ ಮುಗಿಸುವಂತಿಲ್ಲ.

ಮೊದಲು ಸತ್ಯಾಂಶ

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಒಂದು ಆದೇಶ ಹೊರಡಿಸಿದ್ದು ನಿಜ. ಆದರೆ ಅದರಲ್ಲಿ ಇಂಜೆಕ್ಷನ್ ಕೊಟ್ಟು ಸಾಯಿಸುವ ಮಾತೇ ಇಲ್ಲ. ಹಾಗೆ ಮಾಡುವುದು ಭಾರತದಲ್ಲಿ ಇಂದಿಗೂ ಅಪರಾಧ. ರೋಗಿಯೇ ಕೇಳಿಕೊಂಡರೂ ವೈದ್ಯರು ಅದನ್ನು ಮಾಡುವಂತಿಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ ಷರತ್ತುಗಳೊಂದಿಗೆ ಅದಕ್ಕೆ ಅವಕಾಶವಿದೆ, ನಮ್ಮಲ್ಲಿಲ್ಲ.

ಆದೇಶ ಹೇಳುವುದು ಬೇರೆ. ಗುಣವಾಗುವ ಭರವಸೆಯೇ ಇಲ್ಲದೆ, ಯಂತ್ರಗಳ ಬಲದಿಂದ ಮಾತ್ರ ಉಸಿರಾಡುತ್ತಿರುವ ರೋಗಿಗೆ ಆ ಚಿಕಿತ್ಸೆಯನ್ನು ನಿಲ್ಲಿಸಬಹುದು ಅಥವಾ ಆರಂಭಿಸದೇ ಇರಬಹುದು. ಇದೂ ರಾಜ್ಯ ಸರ್ಕಾರ ಹೊಸದಾಗಿ ಕೊಟ್ಟ ಹಕ್ಕಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದೇ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತ್ತು. ಅದರ ನಿಯಮಗಳು ತೀರಾ ತೊಡಕಾಗಿದ್ದರಿಂದ 2023ರ ಜನವರಿ 24ರಂದು ಸಡಿಲಿಸಿತು. ರಾಜ್ಯದ ಆದೇಶ ಆ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಕ್ರಮ ಅಷ್ಟೇ.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಮರಣದ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಆದೇಶ ಬಂದಾಗ ಅವರ ಹೆಸರು ಸುದ್ದಿಯಾಯಿತು. ಆದರೆ ವಯಸ್ಸಾಗಿದೆ, ನೋವಿದೆ, ಸಾಕಾಗಿದೆ ಎಂದು ಯಾರಾದರೂ ಅರ್ಜಿ ಹಾಕಿ ಸಾವನ್ನು ಪಡೆಯುವ ವ್ಯವಸ್ಥೆ ಇದಲ್ಲ ಎಂಬುದು ನೆನಪಿರಲಿ.

ಹಳದೀಪುರದ ಅರುಣಾ

ಈ ಕಾನೂನಿನ ಬೇರು ನಮ್ಮ ಕರಾವಳಿಯ ಒಬ್ಬ ಹೆಣ್ಣುಮಗಳ ಬದುಕಿನಲ್ಲಿದೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದವರಾದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ಹೋಗದೆ ಆದ ಹಾನಿ ಮತ್ತೆ ಸರಿಹೋಗಲಿಲ್ಲ. ಸುಮಾರು 42 ವರ್ಷ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು.

ಅವರ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಅರುಣಾಗೆ ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ದಶಕಗಳ ಕಾಲ ಅವರನ್ನು ನೋಡಿಕೊಂಡಿದ್ದ ನರ್ಸ್‌ಗಳು ಇದನ್ನು ಒಪ್ಪಲಿಲ್ಲ. ಅಷ್ಟು ವರ್ಷ ಮಲಗಿದ್ದರೂ ಅರುಣಾಗೆ ಬೆನ್ನುಹುಣ್ಣು ಆಗದಂತೆ ಅವರು ಕಾಪಾಡಿದ್ದರು. ಅರುಣಾ ವೆಂಟಿಲೇಟರ್ ಮೇಲೂ ಇರಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯ ವಿರಾನಿ ಅವರ ಮನವಿ ತಿರಸ್ಕರಿಸಿತು. ಅರುಣಾ ಪರವಾಗಿ ಮಾತನಾಡುವ ಹಕ್ಕು ಆರೈಕೆ ಮಾಡಿದ ಸಿಬ್ಬಂದಿಯದು ಎಂದಿತು. ಜೊತೆಗೇ, ಬೇರೆ ಪ್ರಕರಣಗಳಲ್ಲಿ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದು ಮೊದಲ ಬಾರಿಗೆ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಇಲ್ಲಿ ಎರಡೂ ಕಡೆಯವರಿಗೆ ಅರುಣಾ ಮೇಲೆ ಕಾಳಜಿ ಇತ್ತು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಆರಿಸುವುದು ಸುಲಭ, ಎರಡು ಒಳ್ಳೆಯವುಗಳ ನಡುವೆ ಒಂದನ್ನು ಬಿಡಬೇಕಾದಾಗಲೇ ಧರ್ಮಸಂಕಟ.

ಹಾಗಾದರೆ ಮಷಿನ್ ತೆಗೆದರೆ ಕೊಂದಂತೆಯೇ?

ಅಲ್ಲ ಎನ್ನುತ್ತದೆ ಕಾನೂನು. ವಿಷದ ಇಂಜೆಕ್ಷನ್ ಕೊಟ್ಟಾಗ ಸಾವಿಗೆ ಕಾರಣ ಇಂಜೆಕ್ಷನ್. ಫಲವಿಲ್ಲದ ಚಿಕಿತ್ಸೆ ನಿಲ್ಲಿಸಿದಾಗ ಸಾವಿಗೆ ಕಾರಣ ಕಾಯಿಲೆ. ಯಂತ್ರ ಅದನ್ನು ತಡೆದು ನಿಲ್ಲಿಸಿತ್ತು, ಗುಣಪಡಿಸುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಒಪ್ಪದವರೂ ಇದ್ದಾರೆ, ಅದು ಅವರ ನಂಬಿಕೆ. ಆದರೆ ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವಿನ ಔಷಧ, ಬಾಯಿ ಒದ್ದೆ ಮಾಡುವುದು, ಮನೆಯವರು ಪಕ್ಕದಲ್ಲಿರುವುದು ಕೊನೆಯವರೆಗೂ ನಡೆಯಬೇಕು.

ತೀರ್ಮಾನವನ್ನು ಒಬ್ಬರೇ ತೆಗೆದುಕೊಳ್ಳುವಂತೆಯೂ ಇಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರ ಮೊದಲ ಮಂಡಳಿ ರೋಗಿಯನ್ನು ನೋಡಬೇಕು. ಆಮೇಲೆ ಬೇರೆ ವೈದ್ಯರ ಎರಡನೇ ಮಂಡಳಿ ಮತ್ತೆ ಪರೀಕ್ಷಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ಒಬ್ಬ ವೈದ್ಯರನ್ನು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದರೆ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಕುಟುಂಬದ ಲಿಖಿತ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಅಂದರೆ ವೈದ್ಯರು “ನೀವೇ ಹೇಳಿ” ಎಂದು ಇಡೀ ಹೊರೆಯನ್ನು ಮಕ್ಕಳ ತಲೆಗೆ ಹಾಕುವುದು ಸರಿಯಲ್ಲ. ಮೊದಲು ಹೇಳಬೇಕಾದವರು ವೈದ್ಯರು.

ದುಡ್ಡಿನ ಪ್ರಶ್ನೆ

ಗಲಗಲಿ, ಜಮಖಂಡಿ, ಮುಧೋಳ ಭಾಗದವರು ಗಂಭೀರ ಕಾಯಿಲೆಗೆ ಬಾಗಲಕೋಟೆ, ಬೆಳಗಾವಿ ಅಥವಾ ಮಿರಜಿಗೆ ಹೋಗುತ್ತಾರೆ. ಕಬ್ಬಿನ ಬಿಲ್ ಬರುವ ಮೊದಲೇ ಐಸಿಯು ಬಿಲ್ ಬಂದಿರುತ್ತದೆ. ಆಗ ಮನೆಯವರು ಸಹಿ ಹಾಕಿ ರೋಗಿಯನ್ನು ಊರಿಗೆ ಒಯ್ಯುತ್ತಾರೆ. ಇದಕ್ಕೆ ಮಂಡಳಿಯೂ ಇಲ್ಲ, ನೋವಿನ ಔಷಧವೂ ಇಲ್ಲ. ದುಡ್ಡಿಲ್ಲದೆ ಚಿಕಿತ್ಸೆ ಬಿಡುವುದನ್ನು ಘನತೆಯ ಮರಣ ಎನ್ನಲಾಗದು. ಬಿಲ್ ಬೆಳೆಯಲಿ ಎಂದು ಸುಳ್ಳು ಭರವಸೆ ಕೊಡುವುದೂ ಅಷ್ಟೇ ದೊಡ್ಡ ತಪ್ಪು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಸೇರಿಸುವ ದಿನವೇ ಕೇಳಿ.

ಈಗಲೇ ಏನು ಮಾಡಬಹುದು?

ಆರೋಗ್ಯವಾಗಿರುವಾಗಲೇ ‘ಲಿವಿಂಗ್ ವಿಲ್’ ಬರೆದಿಡಬಹುದು. ಇದು ಆಸ್ತಿಯ ಉಯಿಲಲ್ಲ. ಮುಂದೆ ಮಾತನಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂಬ ಬರಹ.

• 18 ವರ್ಷ ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರಾದರೂ ಬರೆಯಬಹುದು.
• ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು.
• ಒಂದು ಪ್ರತಿಯನ್ನು ಪಂಚಾಯಿತಿ ಅಥವಾ ಪುರಸಭೆಯಂಥ ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೆ ಕೊಡಬೇಕು.
• ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.

ಗಲಗಲಿಯ ಆ ಓದುಗರಿಗೆ ನಾವು ಹೇಳಿದ್ದೂ ಇಷ್ಟೇ: ಮಷಿನ್ ತೆಗೆಯಲು ಒಪ್ಪಿದ್ದರೂ ನೀವು ತಂದೆಯನ್ನು ಕೊಂದಂತೆ ಆಗುತ್ತಿರಲಿಲ್ಲ, ಬೇಡ ಎಂದಿದ್ದರೂ ತಪ್ಪಾಗುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಗೊತ್ತಿಲ್ಲದ್ದರಿಂದ ಕಷ್ಟವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ವನ್ನರ ಈಗ ಕೇಳಿ ಇಟಗೋತೀನ್ರಿ” ಎಂದರು.

ಫಾರ್ವರ್ಡ್ ಬಂದಿರುವ ಗ್ರೂಪಿಗೇ ಇದನ್ನೂ ಕಳುಹಿಸಿ. ಅದಕ್ಕೂ ಮೊದಲು ಮನೆಯ ಹಿರಿಯರ ಪಕ್ಕ ಕುಳಿತು ಒಂದು ಮಾತು ಕೇಳಿ.