ಮಕ್ಕಳ ಕಣ್ಣಿನ ಬಣ್ಣ ಮತ್ತು ಆನುವಂಶಿಕತೆ

ಮಗು ಹುಟ್ಟಿದ ಮನೆಯಲ್ಲಿ ಮೊದಲು ನಡೆಯುವ ಚರ್ಚೆ ಹೋಲಿಕೆಯದು. ಮೂಗು ಅಜ್ಜನದು, ಹಣೆ ತಾಯಿಯದು, ಕಣ್ಣು ಸೋದರಮಾವನದು ಎಂದು ಹಿರಿಯರು ತೀರ್ಮಾನ ಕೊಡುತ್ತಾರೆ. ಕನ್ನಡ ನಾಡಿನಲ್ಲಿ ಬಹುಪಾಲು ಜನರ ಕಣ್ಣು ಕಪ್ಪು ಅಥವಾ ಕಂದು ಆಗಿರುವುದರಿಂದ ಕಣ್ಣಿನ ಬಣ್ಣದ ಮಾತು ಹೆಚ್ಚಾಗಿ ಏಳುವುದಿಲ್ಲ. ಎಲ್ಲಿಯೋ ಒಂದು ಮಗುವಿಗೆ ತಿಳಿಗಣ್ಣು ಬಂದಾಗ ಮಾತ್ರ ‘ಬೆಕ್ಕಿನ ಕಣ್ಣು’ ಎಂದು ಓಣಿಯೆಲ್ಲ ಬೆರಗಾಗುತ್ತದೆ. ಆ ಬೆರಗು ತಾಯಿಯ ಮೇಲಿನ ಸಂಶಯವಾಗಿ ತಿರುಗುವುದೂ ಇಲ್ಲದಿಲ್ಲ.

ಕಣ್ಣಿಗೆ ಬಣ್ಣ ಕೊಡುವುದು ಪಾಪೆಯ ಸುತ್ತಲಿರುವ ವರ್ಣಪಟಲ. ಅದರಲ್ಲಿ ನೀಲಿ ವರ್ಣದ್ರವ್ಯವೆಂಬುದೇ ಇಲ್ಲ! ಚರ್ಮಕ್ಕೂ ಕೂದಲಿಗೂ ಬಣ್ಣ ನೀಡುವ ಮೆಲನಿನ್ ವಸ್ತುವೇ ಇಲ್ಲಿಯೂ ಇರುವುದು. ವರ್ಣಪಟಲದ ಮುಂಭಾಗದಲ್ಲಿ ಅದು ಹೇರಳವಾಗಿದ್ದರೆ ಕಣ್ಣು ಕಂದು; ತೀರ ಕಡಿಮೆಯಿದ್ದರೆ ಒಳಹೊಕ್ಕ ಬೆಳಕು ಚದುರಿ, ಅದರ ನೀಲಿಯ ಅಂಶವೇ ಹೆಚ್ಚಾಗಿ ಹೊರಕ್ಕೆ ಮರಳುತ್ತದೆ. ಆದುದರಿಂದ ಮಗು ತಂದೆತಾಯಿಗಳಿಂದ ಪಡೆಯುವುದು ಬಣ್ಣವನ್ನಲ್ಲ, ಮೆಲನಿನ್ ಎಷ್ಟು ತಯಾರಾಗಬೇಕೆಂಬ ಆದೇಶವನ್ನು.

ಬಟಾಣಿ ಗಿಡಗಳನ್ನು ಕುರಿತ ಮೆಂಡೆಲನ ಪ್ರಬಂಧ ಪ್ರಕಟವಾದುದು 1866ರಲ್ಲಿ. ವಿದ್ವಾಂಸರು ಅದನ್ನು ಗಮನಿಸಿದುದು 1900ರಲ್ಲಿ. ಅನಂತರ 1907ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ದಂಪತಿಗಳೂ 1908ರಲ್ಲಿ ಇಂಗ್ಲೆಂಡಿನ ಹರ್ಸ್ಟನೂ ಅದೇ ನಿಯಮವನ್ನು ಮನುಷ್ಯರ ಕಣ್ಣಿಗೆ ಅನ್ವಯಿಸಿದರು. ಕಂದು ಪ್ರಬಲ ಗುಣ, ನೀಲಿ ದುರ್ಬಲ ಗುಣ. ಕಂದು ಕಣ್ಣಿನ ದಂಪತಿಗಳಿಬ್ಬರಲ್ಲಿಯೂ ನೀಲಿಯ ಅಂಶ ಅಡಗಿದ್ದರೆ ಪ್ರತಿಯೊಂದು ಮಗುವಿಗೂ ನೀಲಿ ಕಣ್ಣು ಬರುವ ಸಂಭವ ನಾಲ್ಕರಲ್ಲಿ ಒಂದು. ಸೂತ್ರ ಸರಳವಾದುದರಿಂದ ಪಠ್ಯಪುಸ್ತಕಗಳಿಗೆ ಬಲು ಪ್ರಿಯವಾಯಿತು. ಆದರೆ ನೀಲಿ ಕಣ್ಣಿನ ದಂಪತಿಗಳಿಗೆ ಕಂದು ಕಣ್ಣಿನ ಮಗು ಹುಟ್ಟಲಾರದೆಂಬ ತೀರ್ಪೂ ಅದರೊಳಗೆ ಅಡಕವಾಗಿತ್ತು. ಅದನ್ನು ಅಕ್ಷರಶಃ ನಂಬಿದವರು ಅಂತಹ ಮಗುವಿನ ತಾಯಿಯನ್ನು ಏನೆಂದು ತಿಳಿಯಬೇಕು?

ಈ ತೀರ್ಪು ತಪ್ಪು. ಹದಿನೈದನೆಯ ವರ್ಣತಂತುವಿನಲ್ಲಿ ಓಸಿಎ2 ಮತ್ತು ಎಚ್‌ಇಆರ್‌ಸಿ2 ಎಂಬ ಎರಡು ಜೀನುಗಳು ನೆರೆಹೊರೆಯಲ್ಲಿವೆ. ಮೊದಲನೆಯದು ಮೆಲನಿನ್ ತಯಾರಿಕೆಗೆ ಬೇಕಾದುದು. ಅದನ್ನು ಏರಿಸುವ, ಇಳಿಸುವ ಗುಂಡಿ ಎರಡನೆಯದರ ಒಡಲಲ್ಲಿದೆ. ಆ ಗುಂಡಿಯ ಒಂದೇ ಒಂದು ಅಕ್ಷರ ಬದಲಾದರೆ ಮೆಲನಿನ್ ಇಳಿಯುತ್ತದೆಂಬುದು 2008ರಲ್ಲಿ ತಿಳಿದುಬಂದಿತು. ಇದು ಮುಖ್ಯ ಕಾರಣವೇ ಹೊರತು ಏಕೈಕ ಕಾರಣವಲ್ಲ. ಸುಮಾರು 1,95,000 ಜನರನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 61 ಸ್ಥಾನಗಳನ್ನು ಗುರುತಿಸಿದೆ. ಹಸಿರು, ಬೂದು, ಜೇನುಬಣ್ಣಗಳೆಲ್ಲ ಇಂತಹ ಹಲವು ಅಂಶಗಳ ಕೂಟದಿಂದ ಉಂಟಾದವು. ನೀಲಿ ಕಣ್ಣಿನ ತಂದೆತಾಯಿಗಳಿಗೆ ಕಂದು ಕಣ್ಣಿನ ಮಗು ಹುಟ್ಟುವುದು ಅಪರೂಪ, ಅಸಾಧ್ಯವಲ್ಲ. ತರಗತಿಯಲ್ಲಿ ಮೆಂಡೆಲನ ನಿಯಮವನ್ನು ಬಟಾಣಿಯಿಂದಲೇ ಬೋಧಿಸುವುದು ಕ್ಷೇಮ. ವಿದ್ಯಾರ್ಥಿಗಳಿಗೆ ಮನೆಯವರ ಕಣ್ಣಿನ ಬಣ್ಣದ ಪಟ್ಟಿ ತರಹೇಳುವುದು ಉಚಿತವಲ್ಲ.

ಇನ್ನು ಬೆಕ್ಕಿನ ಕಣ್ಣಿನ ಮಾತು. ಮೇಲೆ ಹೇಳಿದ ಅಕ್ಷರದ ಬದಲಾವಣೆ ಭಾರತೀಯರಲ್ಲಿಯೂ ಅಲ್ಪ ಪ್ರಮಾಣದಲ್ಲಿ ಉಂಟು. ಒಬ್ಬರೇ ಅದನ್ನು ಹೊತ್ತಿದ್ದರೆ ಹೊರಗೆ ತೋರದೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿರುತ್ತದೆ. ಅಂತಹ ಎರಡು ಮನೆತನಗಳ ನಡುವೆ ಸಂಬಂಧ ಬೆಳೆದು, ಎರಡೂ ಕಡೆಯ ಅಂಶಗಳು ಒಂದೇ ಮಗುವಿನಲ್ಲಿ ಕೂಡಿದಾಗ, ಮುತ್ತಜ್ಜನವರೆಗೆ ಯಾರಿಗೂ ಇಲ್ಲದ ತಿಳಿಗಣ್ಣು ತೊಟ್ಟಿಲಲ್ಲಿ ಕಾಣಿಸಬಹುದು. ಅದರಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೆ.