ಮುದಿ ನಾಯಿಗೆ ನಮ್ಮ ಮಾತ್ರೆ ಕೊಡಬಹುದೇ?

ಪ್ರಶ್ನೆ: ನಮ್ಮ ನಾಯಿಗೆ 12 ವರ್ಷ. ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತದೆ. ನಾವು ನುಂಗುವ ನೋವಿನ ಮಾತ್ರೆಯಲ್ಲೇ ಅರ್ಧ ಕೊಡಬಹುದೇ? ಮನೆಯಲ್ಲಿ ಮುದಿ ಬೆಕ್ಕೂ ಇದೆ.
– ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಖಂಡಿತ ಬೇಡ. ಬೆಕ್ಕಿಗಂತೂ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣ ತೆಗೆಯಬಲ್ಲದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಕಂದುಗಟ್ಟಿ ಆಮ್ಲಜನಕ ಹೊರಲಾರದಾಗುತ್ತದೆ. ನಾಯಿಗೆ ಐಬುಪ್ರೊಫೇನ್, ಡೈಕ್ಲೋಫಿನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಒಂದು ಜೀವಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ ಎಂಬುದಕ್ಕೆ ದೂರ ಹೋಗಬೇಕಿಲ್ಲ, ರಾಮನಗರದ ರಾಮದೇವರ ಬೆಟ್ಟ ನೋಡಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್, ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನೇ ಬಲಿ ತೆಗೆದುಕೊಂಡಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಉಳಿದ ಹದ್ದುಗಳ ರಕ್ಷಣೆಗೆ 2012ರಲ್ಲಿ ಈ ಬೆಟ್ಟ ರಣಹದ್ದು ಧಾಮವಾಯಿತು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ತಣ್ಣನೆಯ ನೆಲದ ಮೇಲೆ ನಾಲ್ಕು ಮಡಿಕೆ ಗೋಣಿಚೀಲ ಹಾಸಿ. ಜಾರುವ ಟೈಲ್ಸ್ ಮೇಲೆ ಓಡಾಡಲು ಬಿಡಬೇಡಿ. ಮೈತೂಕ ಇಳಿದರೆ ಕೀಲುಗಳ ಮೇಲಿನ ಭಾರವೂ ಇಳಿಯುತ್ತದೆ. ನಮ್ಮ ಕಡೆ ನಾಯಿಗೂ ಮುದ್ದೆಯೇ ಊಟ. ಇರಲಿ, ಆದರೆ ಸಾರು ಕಲಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ರಕ್ತಕಣ ಒಡೆಯುತ್ತವೆ. ಬದಲಿಗೆ ಬೇಯಿಸಿದ ಮೊಟ್ಟೆ ಹಿಸುಕಿ ಹಾಕಿ. ಮುದಿ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ ಮೂತ್ರಪಿಂಡ ಪರೀಕ್ಷೆ ಮಾಡಿಸಿ.

ಕುಂಟುವುದು ಬರೀ ವಯಸ್ಸಿನ ದೋಷವಲ್ಲ, ನೋವಿನ ಮಾತು. ಈ ವಾರವೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.