ಕರೆಂಟು ಹೋದಾಗ ಲಸಿಕೆ ಕೆಡದಿರಲಿ: ಸಣ್ಣ ಫ್ರಿಜ್ಜಿಗೆ ಬ್ಯಾಟರಿ ಪೆಟ್ಟಿಗೆ ಆರಿಸುವ ಬಗೆ



ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕು. ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಬಿಸಿ ತಗುಲಿ ಕೆಟ್ಟ ಲಸಿಕೆಯನ್ನು ಕಣ್ಣಿನಿಂದ ನೋಡಿ ಗುರುತಿಸಲಾಗದು. ರಾಸಿಗೆ ಸೂಜಿ ಬಿದ್ದಿರುತ್ತದೆ, ಪುಸ್ತಕದಲ್ಲಿ ಬರೆದೂ ಆಗಿರುತ್ತದೆ. ಆದರೆ ರೋಗ ಬಂದಾಗ ರಕ್ಷಣೆ ಸಿಗುವುದಿಲ್ಲ. ಹಾಲು ಇಳಿಯುತ್ತದೆ, ಎಳೆ ಕರುಗಳು ಸಾಯುತ್ತವೆ. ನಷ್ಟ ಸದಸ್ಯರದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಡಿ ಈ ಲಸಿಕೆಯನ್ನು 6 ತಿಂಗಳಿಗೊಮ್ಮೆ ಹಾಕಲಾಗುತ್ತದೆ. ರಾಸುಗಳು ಹೆಚ್ಚಿರುವ ಊರುಗಳಲ್ಲಿ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಉಳಿದ ಬಾಟಲಿಗಳನ್ನು ರಾತ್ರಿ ಸಂಘದ ಕಟ್ಟಡದಲ್ಲಿ ಇಡಬೇಕಾಗಿ ಬಂದಾಗ, ಕರೆಂಟು ಹೋದರೆ ಗತಿಯೇನು? ಪ್ರವಾಸ ಹೋಗುವವರು ವಾಹನದಲ್ಲಿ ಸಣ್ಣ ಫ್ರಿಜ್ಜು ನಡೆಸಲು ಬಳಸುವ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಬ್ಯಾಟರಿ ಪೆಟ್ಟಿಗೆಗಳು ಈಗ ಮಾರುಕಟ್ಟೆಯಲ್ಲಿವೆ. ಪೋರ್ಟಬಲ್ ಪವರ್ ಸ್ಟೇಷನ್ ಎಂದು ಇವಕ್ಕೆ ಹೆಸರು. ಸಂಘದ ಹಣ ತೊಡಗಿಸುವ ಮುನ್ನ ಕೆಳಗಿನ ವಿಷಯಗಳನ್ನು ಗಮನಿಸಿರಿ.

ಅಗತ್ಯವಿದೆಯೇ?

ಬೆಳಿಗ್ಗೆ ತಂದ ಲಸಿಕೆ ಮಧ್ಯಾಹ್ನದೊಳಗೆ ಮುಗಿಯುವಂತಿದ್ದರೆ ಐಸ್ ಪ್ಯಾಕ್ ಇರುವ ಲಸಿಕೆ ಪೆಟ್ಟಿಗೆಯೇ ಸಾಕು, ಖರ್ಚು ಮಾಡಬೇಡಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕಿಗೆ ಬಾಟಲಿ ತಾಗದಂತೆ ಮಾತ್ರ ನೋಡಿಕೊಳ್ಳಿ. ವಾರಗಟ್ಟಲೆ ದಾಸ್ತಾನು ಇಡುವುದು ಪಶು ಆಸ್ಪತ್ರೆಯ ಶೀತಲ ಪೆಟ್ಟಿಗೆಯ ಕೆಲಸ. ಬ್ಯಾಟರಿ ಪೆಟ್ಟಿಗೆ ಬೇಕಾಗುವುದು ಇವೆರಡರ ನಡುವಿನ ಒಂದೆರಡು ರಾತ್ರಿಗಳಿಗೆ. ವೀರ್ಯದ ಕಡ್ಡಿಗಳನ್ನು ಎಂದೂ ಫ್ರಿಜ್ಜಿನಲ್ಲಿ ಇಡಬಾರದು. ಅವು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇರಬೇಕು.

ಫ್ರಿಜ್ಜು ಯಾವ ಬಗೆಯದು?

ಅಗ್ಗದ ತಂಪು ಪೆಟ್ಟಿಗೆಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಇವು ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿಯಷ್ಟು ಮಾತ್ರ ಕೆಳಗಿಳಿಸಬಲ್ಲವು. ಹೊರಗೆ 38 ಡಿಗ್ರಿ ಇದ್ದರೆ ಒಳಗೆ 18 ಡಿಗ್ರಿ. ಲಸಿಕೆಗೆ ಇದು ನಿರುಪಯುಕ್ತ. ಮೇಲಾಗಿ ಬಿಡುವಿಲ್ಲದೆ ವಿದ್ಯುತ್ತು ಎಳೆಯುತ್ತವೆ. ಆದ್ದರಿಂದ 12 ವೋಲ್ಟಿನಲ್ಲಿ ನಡೆಯುವ, ಕಂಪ್ರೆಸರ್ ಇರುವ ಸಣ್ಣ ಫ್ರಿಜ್ಜನ್ನೇ ಆರಿಸಿರಿ. ಮನೆಯ ಫ್ರಿಜ್ಜು ಚಾಲೂ ಆಗುವ ಕ್ಷಣದಲ್ಲಿ ತನ್ನ ಮಾಮೂಲಿ ಬಳಕೆಯ ಹಲವು ಪಟ್ಟು ವಿದ್ಯುತ್ತು ಕೇಳುತ್ತದೆ. ಸಣ್ಣ ಬ್ಯಾಟರಿ ಪೆಟ್ಟಿಗೆ ಅದನ್ನು ತಾಳಲಾರದು.

ಲೆಕ್ಕ ಹಾಕುವ ವಿಧಾನ

ಅಂಗಡಿಯವರು ಮೊದಲು ತೋರಿಸುವುದು ವ್ಯಾಟ್ ಸಂಖ್ಯೆಯನ್ನು. ನೀವು ನೋಡಬೇಕಾದುದು ವ್ಯಾಟ್-ಅವರ್ ಸಂಖ್ಯೆಯನ್ನು. ವ್ಯಾಟ್-ಅವರ್ ಎಂದರೆ ಕ್ಯಾನಿನಲ್ಲಿರುವ ಹಾಲು. ವ್ಯಾಟ್ ಎಂದರೆ ಕ್ಯಾನಿನಿಂದ ಹಾಲು ಸುರಿಯುವ ವೇಗ. ಎಷ್ಟು ಹೊತ್ತು ಸುರಿಯಬಹುದು ಎಂಬುದು ಕ್ಯಾನಿನಲ್ಲಿ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಉದಾಹರಣೆಗೆ, 45 ವ್ಯಾಟ್ ಎಳೆಯುವ ಫ್ರಿಜ್ಜು ಬೇಸಿಗೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು ಓಡುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಸರಾಸರಿ 25 ವ್ಯಾಟ್-ಅವರ್, ದಿನದ 24 ಗಂಟೆಗೆ 600 ವ್ಯಾಟ್-ಅವರ್ ಬೇಕು. ಲಿಥಿಯಂ ಬ್ಯಾಟರಿಯಲ್ಲಿ ಬರೆದ ಸಾಮರ್ಥ್ಯದ ಶೇ. 85ರಷ್ಟು ಕೈಗೆ ಸಿಗುತ್ತದೆಂದು ಹಿಡಿದರೆ 700ಕ್ಕಿಂತ ಹೆಚ್ಚಿನದು ಬೇಕು. ಬ್ಯಾಟರಿ ಹಳತಾದಂತೆ ಶಕ್ತಿ ಕುಂದುವುದರಿಂದ 800ರಿಂದ 1000 ವ್ಯಾಟ್-ಅವರಿನದನ್ನು ಕೊಳ್ಳುವುದು ಕ್ಷೇಮ. ಮಾಮೂಲಿ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಆದ್ದರಿಂದ ಅದೇ ಕೆಲಸಕ್ಕೆ 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 1200 ವ್ಯಾಟ್-ಅವರ್ ಬೇಕಾಗುತ್ತದೆ.

ಹಾಲು ಪರೀಕ್ಷಾ ಯಂತ್ರಕ್ಕೆ ಇರುವ ಬ್ಯಾಟರಿಗೆ ಫ್ರಿಜ್ಜನ್ನು ಜೋಡಿಸಬೇಡಿ. ಬೆಳಗಾಗುವಷ್ಟರಲ್ಲಿ ಹಾಲಿನ ಪರೀಕ್ಷೆಯೂ ಇಲ್ಲ, ಲಸಿಕೆಯೂ ಇಲ್ಲ ಎಂಬಂತಾದೀತು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

1. ಸಾಮರ್ಥ್ಯ ವ್ಯಾಟ್-ಅವರಿನಲ್ಲಿ ಎಷ್ಟು? ಮಿಲಿ ಆಂಪಿಯರ್-ಅವರಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 3.7 ವೋಲ್ಟಿನಲ್ಲಿ ಒಂದು ಲಕ್ಷ ಮಿಲಿ ಆಂಪಿಯರ್-ಅವರ್ ಎಂದರೆ ಕೇವಲ 370 ವ್ಯಾಟ್-ಅವರ್.

2. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದೇ? ಇತರ ಲಿಥಿಯಂ ಬ್ಯಾಟರಿಗಳಿಗಿಂತ ಇದು ಬಿಸಿ ತಾಳಿಕೊಳ್ಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ.

3. 12 ವೋಲ್ಟಿನ ನೇರ ಸಾಕೆಟ್ ಇದೆಯೇ? ಫ್ರಿಜ್ಜನ್ನು ಅದಕ್ಕೇ ಜೋಡಿಸಿ. 230 ವೋಲ್ಟಿಗೆ ಏರಿಸಿ ಮತ್ತೆ ಇಳಿಸುವುದರಲ್ಲಿ ವಿದ್ಯುತ್ತು ವ್ಯರ್ಥವಾಗುತ್ತದೆ.

4. ಬಳಕೆ ಕಡಿಮೆಯಾದಾಗ ಸಾಕೆಟ್ ತಾನಾಗಿಯೇ ಆರುವ ಏರ್ಪಾಡು ಇದೆಯೇ? ಇದ್ದರೆ ಅದನ್ನು ನಿಲ್ಲಿಸಲು ಬರುತ್ತದೆಯೇ? ಕಂಪ್ರೆಸರ್ ವಿರಾಮದಲ್ಲಿದ್ದಾಗ ಸಾಕೆಟ್ ಆರಿದರೆ ಫ್ರಿಜ್ಜು ಮತ್ತೆ ಚಾಲೂ ಆಗುವುದೇ ಇಲ್ಲ.

5. ಪೂರ್ತಿ ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು? 200 ವ್ಯಾಟ್ ಚಾರ್ಜರಿನಲ್ಲಿ 800 ವ್ಯಾಟ್-ಅವರ್ ತುಂಬಲು 4 ಗಂಟೆಗೂ ಹೆಚ್ಚು ಬೇಕು. ನಿಮ್ಮೂರಿನಲ್ಲಿ ಕರೆಂಟು ಅಷ್ಟು ಹೊತ್ತು ನಿಲ್ಲದಿದ್ದರೆ ಸೌರ ಫಲಕ ಜೋಡಿಸಲು ಅವಕಾಶವಿರುವುದನ್ನು ಆರಿಸಿರಿ.

ಲಸಿಕೆ ಇಡುವ ಮುನ್ನ

ಮೊದಲು ನೀರಿನ ಬಾಟಲಿ ತುಂಬಿಸಿ, ಒಳಗೆ ಥರ್ಮಾಮೀಟರ್ ಇಟ್ಟು, ಬ್ಯಾಟರಿಯ ಮೇಲೆಯೇ ಒಂದು ಹಗಲು ಒಂದು ರಾತ್ರಿ ಫ್ರಿಜ್ಜು ಓಡಿಸಿ ನೋಡಿರಿ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿಯೇ ಮಾಡಬೇಕು. ಇಂತಹ ಕೆಲವು ಫ್ರಿಜ್ಜುಗಳು ಮೈನಸ್ 18 ಡಿಗ್ರಿಯವರೆಗೂ ಇಳಿಯುತ್ತವೆ. ಆದ್ದರಿಂದ 5 ಡಿಗ್ರಿಗೆ ಹೊಂದಿಸಿ, ಆ ಗುಂಡಿಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ನೀರಿನ ಬಾಟಲಿಗಳು ಒಳಗೇ ಇದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನು ಬಿಸಿಲಿನಲ್ಲಾಗಲಿ, ಮುಚ್ಚಿದ ಕಬ್ಬಿಣದ ಬೀರುವಿನಲ್ಲಾಗಲಿ ಇಡಬಾರದು. ಬಳಕೆಯಿಲ್ಲದ ದಿನಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಿ.

ಲಸಿಕೆ ಇರುವ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಹಾಲು ಅಳೆಯುವ ವೇಳೆಗೆ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆದಿಡಲು ಕಾರ್ಯದರ್ಶಿಗಳಿಗೆ ತಿಳಿಸಿರಿ. ತಂಪು 8 ಡಿಗ್ರಿ ದಾಟಿದ್ದರೆ ಅಥವಾ 2 ಡಿಗ್ರಿಗಿಂತ ಕೆಳಗಿಳಿದಿದ್ದರೆ ಆ ಬಾಟಲಿಗಳನ್ನು ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಿರಿ. ಅವರು ಹೇಳುವವರೆಗೆ ಯಾವ ರಾಸಿಗೂ ಹಾಕಿಸಬೇಡಿ.